ಕಚೇರಿಯ ಬಾಗಿಲಲ್ಲಿ ಸ್ಪ್ಯಾನಿಷ್

ಅಮೆರಿಕ ಎಂದರೆ ಇಂಗ್ಲಿಷ್ ಎಂಬುದು ನಮ್ಮಲ್ಲಿ ಬಹಳ ಮಂದಿಯ ತಿಳಿವಳಿಕೆ. ಆದರೆ ಆ ದೇಶದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತನಾಡುವವರು 4 ಕೋಟಿಗೂ ಹೆಚ್ಚು. ಅವರೆಲ್ಲ ನಿನ್ನೆ ಮೊನ್ನೆ ವಲಸೆ ಬಂದವರೇನಲ್ಲ. 1848ರಲ್ಲಿ ಯುದ್ಧ ಮುಗಿದು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದವಾದಾಗ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ ಮೊದಲಾದ ಸೀಮೆಗಳು ಮೆಕ್ಸಿಕೊದ ಕೈತಪ್ಪಿ ಅಮೆರಿಕಕ್ಕೆ ಸೇರಿದವು. ಅಲ್ಲಿನ ಜನಕ್ಕೆ ಕುಳಿತಲ್ಲೇ ದೇಶ ಬದಲಾಯಿತು.

ಆ ಜನರ ಭಾಷೆಗೆ ಮೊದಲು ಮರ್ಯಾದೆ ಸಿಗದೆ ಇರಲಿಲ್ಲ. 1849ರ ಕ್ಯಾಲಿಫೋರ್ನಿಯಾ ಸಂವಿಧಾನ, ಕಾನೂನುಗಳನ್ನೆಲ್ಲ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷಿನಲ್ಲೂ ಪ್ರಕಟಿಸಬೇಕೆಂದಿತು. ಚಿನ್ನದ ಆಸೆಗೆ ಹೊರಗಿನವರು ಬಂದು ತುಂಬಿಕೊಂಡರು. 30 ವರ್ಷ ಕಳೆಯುವಷ್ಟರಲ್ಲಿ, 1879ರ ಹೊಸ ಸಂವಿಧಾನದಲ್ಲಿ ಆ ಮಾತು ಇಲ್ಲವಾಯಿತು. ಸರ್ಕಾರದ ಬರಹವೆಲ್ಲ ಇಂಗ್ಲಿಷಿನಲ್ಲೇ ಇರಬೇಕೆಂದಾಯಿತು.

ಮತ್ತೆ ಬಾಗಿಲು ತೆರೆಯಲು ಸುಮಾರು ಒಂದು ಶತಮಾನವೇ ಬೇಕಾಯಿತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಸರ್ಕಾರದ ಹಣ ಪಡೆಯುವ ಕಡೆ ಮೂಲದೇಶದ ಕಾರಣಕ್ಕೆ ಭೇದ ಮಾಡಕೂಡದೆಂದಿತು. ಅದರ ಆಧಾರದ ಮೇಲೆ 2000ದ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್, ಇಂಗ್ಲಿಷ್ ಸಾಲದವರಿಗೂ ಸೇವೆ ತಲುಪಬೇಕೆಂದು ಆದೇಶ ಹೊರಡಿಸಿದರು. 2003ರಲ್ಲಿ ಕೇಂದ್ರ ಸರ್ಕಾರದ ಮಾಹಿತಿಯನ್ನು ಒಂದೆಡೆ ಕೊಡುವ ಸ್ಪ್ಯಾನಿಷ್ ಜಾಲತಾಣ ಬಂತು. ಪಿಂಚಣಿ, ತೆರಿಗೆ, ಪಾಸ್‌ಪೋರ್ಟ್‌ಗಳ ವಿಷಯಕ್ಕೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಪಾಡು ಎಷ್ಟೋ ತಾಯಂದಿರಿಗೆ ತಪ್ಪಿರಬೇಕು.

ಆದರೆ ಪದಕ್ಕೆ ಪದ ಇಟ್ಟ ಮಾತ್ರಕ್ಕೆ ಅರ್ಥ ಮುಟ್ಟುವುದಿಲ್ಲವೆಂಬುದು ಭಾಷೆ ಕಲಿಸುವವರಿಗೆಲ್ಲ ಗೊತ್ತು. 2013ರ ಅಕ್ಟೋಬರಿನಲ್ಲಿ ಆರೋಗ್ಯ ವಿಮೆಯ ಇಂಗ್ಲಿಷ್ ತಾಣ ತೆರೆಯಿತು. ಸ್ಪ್ಯಾನಿಷ್ ತಾಣ ಡಿಸೆಂಬರಿಗೆ ಬಂತು. ಅದರಲ್ಲಿ ವಿಮೆಯ ಕಂತಿಗೆ 'ಪ್ರಿಮಾ' ಎಂದು ಬರೆದಿದ್ದರು. ನಿಘಂಟಿನಲ್ಲಿ ಅದು ಸರಿಯೆ. ಮನೆಮಾತಿನಲ್ಲಿ ಮಾತ್ರ 'ಪ್ರಿಮಾ' ಎಂದರೆ ಚಿಕ್ಕಪ್ಪನದೋ ಸೋದರಮಾವನದೋ ಮಗಳು! ತಿಂಗಳು ತಿಂಗಳು ಎಷ್ಟು ಹಣ ಕಟ್ಟಬೇಕೆಂದು ಹುಡುಕುವವರಿಗೆ ಅಲ್ಲಿ ನೆಂಟರ ಹುಡುಗಿ ಎದುರಾಗಿ ನಿಂತರೆ ಏನು ತಿಳಿದೀತು?

ಇದಕ್ಕಿಂತ ದೊಡ್ಡ ಪೆಟ್ಟು ಬೇರೆಡೆಯಿಂದ ಬಂತು. ಅಧ್ಯಕ್ಷರ ಭವನದ ಜಾಲತಾಣದ ಸ್ಪ್ಯಾನಿಷ್ ಪುಟಗಳು ಟ್ರಂಪ್ ಬಂದ 2017ರಲ್ಲಿ ಹೋದವು, ಬೈಡನ್ ಬಂದ 2021ರಲ್ಲಿ ಬಂದವು, ಟ್ರಂಪ್ ಮರಳಿದ 2025ರಲ್ಲಿ ಮತ್ತೆ ಹೋದವು. 2025ರ ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಆದೇಶವು ಕ್ಲಿಂಟನ್ ಆದೇಶವನ್ನೂ ರದ್ದು ಮಾಡಿತು. ಇರುವ ಸೇವೆ ನಿಲ್ಲಿಸಲೇಬೇಕೆಂದು ಅದು ಹೇಳಲಿಲ್ಲ; ಆಯಾ ಇಲಾಖೆಯ ಮುಖ್ಯಸ್ಥರ ವಿವೇಚನೆಗೆ ಬಿಟ್ಟಿತು. ಹಕ್ಕಾಗಿದ್ದದ್ದು ಹೀಗೆ ದಾಕ್ಷಿಣ್ಯವಾಯಿತು.

ಇದರ ಪಕ್ಕದಲ್ಲಿ 1975ರ ಒಂದು ಸಂಗತಿಯನ್ನು ಇಟ್ಟು ನೋಡಬೇಕು. ಆ ವರ್ಷ ಸಂಸತ್ತು ಮತದಾನದ ಹಕ್ಕಿನ ಕಾಯಿದೆಗೆ ತಿದ್ದುಪಡಿ ತಂದು, ಇಂಗ್ಲಿಷ್ ಸಾಲದ ಮತದಾರರು ಹೆಚ್ಚಿರುವ ಕಡೆ ಮತಪತ್ರ ಅವರ ಭಾಷೆಯಲ್ಲೂ ಇರಬೇಕೆಂದಿತು. ಅಧ್ಯಕ್ಷರ ಒಂದು ರುಜುವಿಗೆ ಅದು ಅಳಿಯುವಂಥದ್ದಲ್ಲ. ತನ್ನ ಸಂವಿಧಾನದಿಂದ ಸ್ಪ್ಯಾನಿಷನ್ನು ತೆಗೆದುಹಾಕಿದ್ದ ಕ್ಯಾಲಿಫೋರ್ನಿಯಾ ಕೂಡ 1973ರಲ್ಲಿ, ರಾಜ್ಯದ ಕಚೇರಿಗಳು ಜನರ ಭಾಷೆಯಲ್ಲಿ ಸೇವೆ ಕೊಡಬೇಕೆಂದು ಕಾಯಿದೆ ಮಾಡಿತ್ತು.

ಆಳುವವರ ಮನಸ್ಸು ಬದಲಾದಂತೆ ಆದೇಶ ಬದಲಾಗುತ್ತದೆ. ಕಾನೂನನ್ನು ಬದಲಿಸಲು ನಾಲ್ಕು ಜನರ ಎದುರು ವಾದ ಮಾಡಿ ಗೆಲ್ಲಬೇಕು. ಜನಭಾಷೆಗೆ ಕಚೇರಿಯಲ್ಲಿ ಜಾಗ ಕೇಳುವವರು ಯಾವ ದೇಶದವರೇ ಆಗಲಿ, ಮೊದಲು ಕೇಳಬೇಕಾದದ್ದು ಕಾನೂನನ್ನು.