ಗಾಳಿ ವಿದ್ಯುತ್ತಿನ ಜಾಲಸಂಪರ್ಕ: ಹೊಸಪೇಟೆ ಸೀಮೆ
ಹೊಸಪೇಟೆ ಕೇಂದ್ರವಾದ ವಿಜಯನಗರ ಜಿಲ್ಲೆಯ ಹರಪನಹಳ್ಳಿ ಕಡೆ ಗಾಳಿಯಂತ್ರಗಳಿವೆ. ಜನರ ಬಾಯಲ್ಲಿ ಇವು ‘ಫ್ಯಾನು’. ಇಂಥ ಯಂತ್ರದಲ್ಲಿ ಸಾಮಾನ್ಯವಾಗಿ 690 ವೋಲ್ಟಿನಲ್ಲಿ ಹುಟ್ಟುವ ಕರೆಂಟು ಟ್ರಾನ್ಸ್‌ಫಾರ್ಮರಿನಲ್ಲಿ 33 ಕಿಲೋವೋಲ್ಟಿಗೇರಿ, ಸಬ್‌ಸ್ಟೇಷನ್ನಿನಲ್ಲಿ ಒಟ್ಟುಗೂಡಿ ಜಾಲ ಸೇರುತ್ತದೆ. ದೊಡ್ಡ ತೊಡಕು ಋತುವಿನದು. ಮುಂಗಾರಿನಲ್ಲಿ ಗಾಳಿ ಬಲವಾಗುವ ಹೊತ್ತಿಗೇ ತುಂಗಭದ್ರಾ ಜಲಾಶಯ ತುಂಬಿ, ತಲಾ 9 ಮೆಗಾವಾಟಿನ 4 ಯಂತ್ರಗಳ ಹಂಪಿ ವಿದ್ಯುದಾಗಾರಕ್ಕೂ ನೀರು ಸಿಗುತ್ತದೆ. ಕಂಪ್ಲಿಯ ಪಂಪ್‌ಸೆಟ್ಟು, ಸಂಡೂರಿನ ಗಣಿಗಳಿಗೆ ಕರೆಂಟು ಬೇಕಾದ ಬೇಸಿಗೆಯಲ್ಲಿ ಎರಡೂ ಸೊರಗುತ್ತವೆ. ಒಳನಾಡಿನ ಈ ಯಂತ್ರಗಳಿಗೆ ಋತು ತೊಡಕಾದರೆ, ಕಡಲೊಳಗಿನ ಗಾಳಿಯಂತ್ರಗಳದು ಇನ್ನೊಂದು ಕಷ್ಟ: ನೀರಿನಡಿಯ ಉದ್ದ ಕೇಬಲ್ಲು ಕೆಪ್ಯಾಸಿಟರಿನಂತೆ ವರ್ತಿಸಿ ಎಸಿ ಸಾಗಣೆಯ ಸಾಮರ್ಥ್ಯವನ್ನು ನುಂಗುವುದರಿಂದ ದೂರಕ್ಕೆ ಡಿಸಿಯೇ ಬೇಕು. ಈ ತಂತ್ರ ಕರ್ನಾಟಕಕ್ಕೆ ಹೊಸತಲ್ಲ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಿಂದ 500 ಕಿಲೋವೋಲ್ಟಿನ ಡಿಸಿ ಮಾರ್ಗವಿದೆ.