ಉಯಿಲು ಬರೆದ ಕೈ: ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಮತ್ತು ಅದರ ಮರುಸೃಷ್ಟಿಗಳು

ಜೇನ್ ಆಸ್ಟಿನ್ ಅವರ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ (1811) ಕಾದಂಬರಿಯನ್ನು ವಿವೇಕಿ ಅಕ್ಕ, ಭಾವುಕ ತಂಗಿಯರ ಕಥೆಯೆಂದು ಓದುವುದು ವಾಡಿಕೆ. ಅದರ ಮರುಸೃಷ್ಟಿಗಳ ಚರ್ಚೆಯೂ ಎಲಿನರ್‌ಳ ಸಂಯಮ, ಮೇರಿಯಾನ್‌ಳ ಆವೇಗಗಳು ಇಂದಿನವರಿಗೆ ಹೇಗೆ ಒಪ್ಪಿಗೆಯಾದಾವು ಎಂಬಲ್ಲಿಗೇ ನಿಂತುಬಿಡುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಹೆಣ್ಣುಮಕ್ಕಳ ಮನೆ ಕೈತಪ್ಪಿದ್ದು ಯಾರಿಂದ? ಹೊಸ ಕಾಲಕ್ಕೆ ಕಥೆಯನ್ನು ತರುವ ಪ್ರತಿಯೊಬ್ಬರೂ ಇದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರವೇ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಮೂಲದಲ್ಲಿ ಮನೆ ಕಸಿಯುವುದು ಕಾನೂನಲ್ಲ, ಒಂದು ಉಯಿಲು. ಸಸೆಕ್ಸ್‌ನ ನಾರ್ಲೆಂಡ್ ಎಸ್ಟೇಟಿನ ವೃದ್ಧ ಯಜಮಾನ, ತನ್ನನ್ನು ವರ್ಷಗಟ್ಟಲೆ ನೋಡಿಕೊಂಡ ಹೆಣ್ಣುಮಕ್ಕಳಿಗೆ ತಲಾ 1,000 ಪೌಂಡ್ ಬಿಟ್ಟು, ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಪುಟ್ಟ ಹುಡುಗನೊಬ್ಬನ ತೊದಲುಮಾತಿಗೆ ಮರುಳಾಗಿ ಆಸ್ತಿಯನ್ನು ಅವನ ಕಡೆಗೆ ಕಟ್ಟಿಹಾಕುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಈ ಅನ್ಯಾಯ ಇನ್ನೂ ಬೆಳೆಯುತ್ತದೆ. ಮಲತಂಗಿಯರಿಗೆ 3,000 ಪೌಂಡ್ ಕೊಡಲು ಮನಸ್ಸು ಮಾಡಿದ್ದ ಆ ಹುಡುಗನ ತಂದೆ ಜಾನ್, ಹೆಂಡತಿ ಫ್ಯಾನಿಯ ಮಾತು ಕೇಳುತ್ತಾ ಅದನ್ನು ಅರ್ಧಕ್ಕೆ ಇಳಿಸುತ್ತಾನೆ. ಆಮೇಲೆ ಮಲತಾಯಿಗೆ ವರ್ಷಾಶನ ಎನ್ನುತ್ತಾನೆ, ಆಮೇಲೆ ಯಾವಾಗಲಾದರೊಮ್ಮೆ 50 ಪೌಂಡ್. ಕೊನೆಗೆ ಉಳಿಯುವುದು ಮನೆ ಬದಲಿಸಲು ಒಂದಿಷ್ಟು ನೆರವು, ಆಗಾಗ ಮೀನು, ಬೇಟೆ ಮಾಂಸದ ಉಡುಗೊರೆ. ಅಷ್ಟಾದರೂ ಅವರು ಒಯ್ಯಲಿರುವ ಪಿಂಗಾಣಿ ಪಾತ್ರೆಗಳ ಮೇಲೆ ಫ್ಯಾನಿಗೆ ಹೊಟ್ಟೆಕಿಚ್ಚು. ಇಲ್ಲಿ ಯಾರೂ ಕಾಯಿದೆ ಮುರಿಯುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಒಬ್ಬ ಮನುಷ್ಯ ಕೊಡದಿರಲು ತೀರ್ಮಾನಿಸುತ್ತಾನೆ, ಅಷ್ಟೆ. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕ ಕಸಾಂಡ್ರಾರೊಂದಿಗೆ ಅಣ್ಣತಮ್ಮಂದಿರ ನೆರವಿನಲ್ಲೇ ಬದುಕಿದ ಆಸ್ಟಿನ್‌ಗೆ ಇಂಥ ಲೆಕ್ಕಾಚಾರದ ಒಳಹೊರಗು ತಿಳಿದಿತ್ತು.

ಆಂಗ್ ಲೀ ನಿರ್ದೇಶನದ 1995ರ ಚಿತ್ರ ಈ ಹೊಣೆಯನ್ನು ಕಾನೂನಿನ ಹೆಗಲಿಗೇರಿಸುತ್ತದೆ. ಎಮ್ಮಾ ಥಾಂಪ್ಸನ್ ಚಿತ್ರಕಥೆಯ ಎಲಿನರ್ ಪುಟ್ಟ ತಂಗಿ ಮಾರ್ಗರೆಟ್‌ಗೆ, ಮನೆ ತಂದೆಯಿಂದ ಮಗನಿಗೆ ಹೋಗುವುದೇ ಕಾನೂನು ಎಂದು ತಿಳಿಹೇಳುತ್ತಾಳೆ. ಪ್ರೇಕ್ಷಕರಿಗೆ ಇದು ಒಡನೆ ಅರ್ಥವಾಗುತ್ತದೆ, ಆದರೆ ಜೊತೆಗೆ ಒಂದು ಸಮಾಧಾನವನ್ನೂ ಕೊಡುತ್ತದೆ. ಆ ಕಾನೂನು ಈಗಿಲ್ಲವಲ್ಲ! ಅನ್ಯಾಯ ಇತಿಹಾಸಕ್ಕೆ ಸೇರಿಹೋಗುತ್ತದೆ.

ರಾಜೀವ್ ಮೆನನ್ ಅವರ ತಮಿಳು ಚಿತ್ರ ‘ಕಂಡುಕೊಂಡೇನ್ ಕಂಡುಕೊಂಡೇನ್’ಗೆ (2000) ಈ ಸುಲಭದ ದಾರಿ ಇರಲಿಲ್ಲ. ತಮಿಳುನಾಡು 1989ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು, ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತ್ತು; ಕರ್ನಾಟಕದಲ್ಲಿ ಅದು ಜಾರಿಗೆ ಬಂದದ್ದು 1994ರಲ್ಲಿ. ಆದರೆ 1956ರ ಮೂಲ ಕಾಯಿದೆಯ 30ನೇ ಕಲಮು, ತನ್ನ ಪಾಲನ್ನು ಉಯಿಲಿನ ಮೂಲಕ ಬೇಕಾದವರಿಗೆ ಬರೆಯುವ ಅಧಿಕಾರವನ್ನು ಹಾಗೇ ಉಳಿಸಿದೆ. ಚಿತ್ರ ಹಿಡಿಯುವುದು ಈ ಸಂದನ್ನೇ. ಮನೆಬಿಟ್ಟು ಹೋಗಿ ಮದುವೆಯಾದ ಮಗಳ ಮೇಲಿನ ಸಿಟ್ಟಿನಲ್ಲಿ ತಾತ ಎಂದೋ ಉಯಿಲು ಬರೆದಿಟ್ಟಿದ್ದಾನೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದು ಅದನ್ನು ಬದಲಿಸಲಾರದೆ ಸಾಯುತ್ತಾನೆ, ಆಸ್ತಿಯೆಲ್ಲ ಮಗನಿಗೆ. ಹಾಗಾಗಿ ಆ ಮಗಳ ಹೆಣ್ಣುಮಕ್ಕಳಾದ ಸೌಮ್ಯಾ, ಮೀನಾಕ್ಷಿಯರು ತೆರುವುದು ತಮ್ಮ ತಾಯಿ ಒಲಿದು ಮದುವೆಯಾದದ್ದರ ದಂಡ. ಸಂಯಮ, ಭಾವುಕತೆಗಳ ವಾಗ್ವಾದ ಒಂದು ತಲೆಮಾರು ಹಿಂದಕ್ಕೆ ಸರಿದು ಆಸ್ತಿಪತ್ರದೊಳಗೆ ಸೇರಿಕೊಳ್ಳುತ್ತದೆ. ಇದು ಆಸ್ಟಿನ್‌ಗೆ ಥಾಂಪ್ಸನ್ ತೋರಿದ್ದಕ್ಕಿಂತ ಆಳವಾದ ನಿಷ್ಠೆ ಎಂದು ನನ್ನ ಅಭಿಪ್ರಾಯ.

ಕಥೆಯನ್ನು ಇಂದಿನ ಇಂಗ್ಲೆಂಡಿಗೆ ತಂದ ಜೋನಾ ಟ್ರಾಲಪ್ ತಮ್ಮ 2013ರ ಕಾದಂಬರಿಯಲ್ಲಿ ಇಂಥದೇ ಸಂದನ್ನು ಹುಡುಕಿದರು. ಅಲ್ಲಿ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ವಿಧಿವತ್ತಾಗಿ ಮದುವೆಯೇ ಆಗಿರುವುದಿಲ್ಲ. ಆದರೆ ಇಂದಿನ ಇಂಗ್ಲೆಂಡಿನಲ್ಲಿ ಆ ಕಾರಣಕ್ಕೆ ಸಾಮಾಜಿಕ ಬಲ ಸಾಲದು, ಓದುವಾಗ ಅದು ಕಥೆಗಾಗಿ ಹೂಡಿದ ತಂತ್ರವೆನಿಸುತ್ತದೆ.

ಮೆನನ್ ಚಿತ್ರದಲ್ಲಿ ಮೂಲದಿಂದ ಕಳಚಿಕೊಂಡದ್ದೂ ಒಂದಿದೆ. ಎಲಿನರ್‌ಗೆ ದುಡಿಯುವ ದಾರಿಯೇ ಇರಲಿಲ್ಲ, ಮೌನವೊಂದೇ ಅವಳ ಕೈಲಿದ್ದದ್ದು. ಚೆನ್ನೈಗೆ ಬಂದ ಸೌಮ್ಯಾ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಾಳೆ, ಮೀನಾಕ್ಷಿ ಹಿನ್ನೆಲೆ ಗಾಯಕಿಯಾಗುತ್ತಾಳೆ. ಸಂಬಳ ಕೈಗೆ ಬಂದಮೇಲೂ ಸೌಮ್ಯಾ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾರಳು. ಆಗ ಆ ಮೌನಕ್ಕೆ ಬಡತನವನ್ನು ಕಾರಣವಾಗಿ ತೋರಿಸುವಂತಿಲ್ಲ. ತಾಯಿಯ ಪ್ರೇಮವಿವಾಹಕ್ಕೆ ಮನೆಯನ್ನೇ ತೆತ್ತ ಕುಟುಂಬದ ಹಿರಿಮಗಳು ಅವಳು ಎಂಬುದರಲ್ಲೇ ಅದರ ಕಾರಣವನ್ನು ಹುಡುಕಬೇಕು.