ಗುಂಡು ಹಾರದಿದ್ದರೆ? ಸೊಂಟದಲ್ಲಿದ್ದ ಮೂರು ಆಯುಧಗಳ ಕಥೆ

1/6
ಗೇಮ್ ಆಡುವಾಗ ಒಂದು ವಿಷಯ ಗಮನಿಸಿದ್ದೀರಾ? ನಮ್ಮ ಪಿಸ್ತೂಲು ಯಾವತ್ತೂ ಕೈಕೊಡಲ್ಲ. ನೀರಲ್ಲಿ ಈಜಿ, ಮಣ್ಣಲ್ಲಿ ಉರುಳಿ ಎದ್ದರೂ ಟ್ರಿಗರ್ ಒತ್ತಿದ ತಕ್ಷಣ ಗುಂಡು ಹಾರುತ್ತೆ. ನಿಜವಾದ ಯುದ್ಧ ಹಾಗಲ್ಲ. ಮೊದಲ ಮಹಾಯುದ್ಧದ ಕಾಲ, ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳು. ಕಾಲಿಟ್ಟಲ್ಲೆಲ್ಲ ಕೆಸರು. ಉದ್ದದ ರೈಫಲ್ ತಿರುಗಿಸಲೂ ಜಾಗ ಇಲ್ಲದ ಇಕ್ಕಟ್ಟು. ಅಂಥ ಕಡೆ ಸೊಂಟದಲ್ಲಿರೋ ಪಿಸ್ತೂಲೇ ಕೊನೆಯ ಆಸರೆ. ಅದೂ ಕೈಕೊಟ್ಟರೆ?

ಈ ಸರಣಿಯಲ್ಲಿ ಮೂರನ್ನು ಹೋಲಿಸೋಣ: ಜರ್ಮನಿಯ ಲೂಗರ್ ಪಿ08, ಬ್ರಿಟನ್ನಿನ ವೆಬ್ಲಿ ಮಾರ್ಕ್ 6, ಅಮೆರಿಕದ ಕೋಲ್ಟ್ ಎಂ1911. ಯಾವುದು ಚೆಂದ ಅನ್ನೋದು ಪ್ರಶ್ನೆ ಅಲ್ಲ. ಕೆಟ್ಟ ದಿನದಲ್ಲಿ ಯಾವುದನ್ನು ನಂಬಬಹುದು ಅನ್ನೋದು ಪ್ರಶ್ನೆ.

2/6
ಮೊದಲು ಲೂಗರ್. ಚೆಂದದ ಸ್ಪರ್ಧೆ ಇದ್ದಿದ್ದರೆ ಇದೇ ಗೆಲ್ತಿತ್ತು. ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡ ಈ ಪಿಸ್ತೂಲಿನಲ್ಲಿ 8 ಗುಂಡು. ಕೈಯಲ್ಲಿ ಹಿಡಿದರೆ ಗುರಿ ತಾನಾಗೇ ಕೂರುತ್ತೆ ಅಂತ ಹೆಸರು.

ಒಳಗಿನ ಕೀಲು ನಮ್ಮ ಮೊಣಕಾಲಿನ ಹಾಗೆ. ಕಾಲು ನೆಟ್ಟಗಿದ್ದಾಗ ಎಷ್ಟು ತಳ್ಳಿದರೂ ಬಗ್ಗಲ್ಲ. ಮಂಡಿ ಸ್ವಲ್ಪ ಮಡಚಿದರೆ ಸಾಕು, ಕುಸಿಯುತ್ತೆ. ಗುಂಡು ಹಾರಿದಾಗ ಈ ಕೀಲು ಮೇಲಕ್ಕೆ ಮಡಚಿಕೊಂಡು ಖಾಲಿ ತೋಟಾವನ್ನು ಹೊರಗೆ ಎಸೆಯುತ್ತೆ. ತೊಂದರೆ ಏನಂದ್ರೆ, ಭಾಗಗಳ ನಡುವೆ ಸಂದು ತುಂಬಾ ಕಮ್ಮಿ. ಕೆಲವು ಭಾಗಗಳು ಹೊರಗೇ ತೆರೆದುಕೊಂಡಿವೆ. ಮಣ್ಣು ಹೊಕ್ಕರೆ ಅಥವಾ ತೋಟಾದ ಮದ್ದು ದುರ್ಬಲವಾಗಿದ್ದರೆ ಕೀಲು ಪೂರ್ತಿ ಮಡಚಲ್ಲ, ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತೆ. ಚೊಕ್ಕಟವಾಗಿಟ್ಟರೆ ವಜ್ರ, ಆದರೆ ಕಂದಕದಲ್ಲಿ ಚೊಕ್ಕಟ ಎಲ್ಲಿಂದ ಬರಬೇಕು?

3/6
ವೆಬ್ಲಿ ರಿವಾಲ್ವರ್ ಹಳೇ ಕಾಲದ್ದು ಅನ್ನಿಸುತ್ತೆ, ಆದರೆ ಮಾರ್ಕ್ 6 ಬಂದಿದ್ದು 1915ರಲ್ಲಿ, ಯುದ್ಧದ ನಡುವೆಯೇ. ಬರೀ 6 ಗುಂಡು, ತೂಕ ಕೆಜಿಗಿಂತ ಜಾಸ್ತಿ.

ಹಾಗಾದ್ರೆ ಯಾಕೆ ಇಟ್ಟುಕೊಂಡ್ರು? ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಒಂದು ತೋಟಾ ಠುಸ್ ಆದರೆ ಸ್ಲೈಡ್ ಎಳೆದು ಅದನ್ನು ಹೊರಹಾಕಬೇಕು, ಎರಡು ಕೈ ಬೇಕು. ರಿವಾಲ್ವರ್‌ನಲ್ಲಿ ಟ್ರಿಗರ್ ಮತ್ತೆ ಎಳೆದರೆ ಮುಂದಿನ ತೋಟಾ ತಾನಾಗೇ ಎದುರಿಗೆ ಬರುತ್ತೆ. ಖಾಲಿಯಾದಾಗ ನಡುವೆ ಮುರಿದಂತೆ ತೆರೆದರೆ ಆರೂ ಖಾಲಿ ತೋಟಾಗಳು ಒಟ್ಟಿಗೆ ಮೇಲೆದ್ದು ಬೀಳ್ತವೆ. ಹಾಗಂತ ರಿವಾಲ್ವರ್‌ಗೆ ಕೆಸರಿನ ಭಯ ಇಲ್ಲ ಅನ್ನೋದು ತಪ್ಪು. ಮಣ್ಣು ಸೇರಿದರೆ ತಿರುಗೋ ಉರುಳೆಯೂ ನಿಲ್ಲುತ್ತೆ. ಕತ್ತಲಲ್ಲಿ ಒಂದೊಂದೇ ತೋಟಾ ತುಂಬೋದೂ ನಿಧಾನ.

4/6
ಈಗ ಕೋಲ್ಟ್. ವಿನ್ಯಾಸ ಜಾನ್ ಬ್ರೌನಿಂಗ್ ಅವರದು. ಫಿಲಿಪ್ಪೀನ್ಸ್ ಯುದ್ಧದಲ್ಲಿ .38 ರಿವಾಲ್ವರ್ ಸಾಲಲ್ಲ ಅಂತ ದೂರು ಬಂದಮೇಲೆ ಅಮೆರಿಕದ ಸೇನೆ .45 ಗಾತ್ರದ ಗುಂಡು ಬೇಕು ಅಂತ ಹಠ ಹಿಡಿಯಿತು. 1907ರ ಪರೀಕ್ಷೆಗೆ ಲೂಗರ್ ಕೂಡ ಬಂದಿತ್ತು, ಆಮೇಲೆ ಹಿಂದೆ ಸರಿಯಿತು.

ಕೊನೆಗೆ ಉಳಿದಿದ್ದು ಕೋಲ್ಟ್ ಮತ್ತು ಸಾವೇಜ್. 1911ರ ಮಾರ್ಚ್‌ನಲ್ಲಿ ಎರಡರಿಂದಲೂ ತಲಾ 6,000 ಗುಂಡು ಹಾರಿಸಿದರು. ಸಾವೇಜ್ 37 ಸಲ ಕೈಕೊಟ್ಟಿತು. ಕೋಲ್ಟ್ ಎಷ್ಟು ಸಲ ಗೊತ್ತಾ? ಸೊನ್ನೆ. ಅದೇ ತಿಂಗಳ 29ಕ್ಕೆ ಸೇನೆ ಅದನ್ನು ಒಪ್ಪಿಕೊಂಡಿತು. ಬರೀ 7 ಗುಂಡಿನ ಮ್ಯಾಗಜಿನ್. ಆದರೆ ಭಾಗಗಳು ದಪ್ಪ, ನಡುವೆ ಸ್ವಲ್ಪ ಸಡಿಲ, ಕೊಳೆಗೂ ಜಾಗ ಇತ್ತು.

5/6
ಆದರೆ ನಿಲ್ಲಿ, ಆ ಸೊನ್ನೆಯನ್ನು ಹುಷಾರಾಗಿ ಓದಬೇಕು. ಪರೀಕ್ಷೆಯಲ್ಲಿ 1,000 ಗುಂಡಿಗೊಮ್ಮೆ ಪಿಸ್ತೂಲು ಒರೆಸಿ ಎಣ್ಣೆ ಹಾಕ್ತಿದ್ರು. ಕಂದಕದಲ್ಲಿ ಆ ಭಾಗ್ಯ ಎಲ್ಲಿ?

ಇನ್ನೊಂದು ವಿಷಯ: ಎಷ್ಟೇ ನಂಬಿಕಸ್ಥ ಆಯುಧವಾದರೂ ಕೈಗೆ ಸಿಗದಿದ್ದರೆ ಏನು ಪ್ರಯೋಜನ? 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಎಲ್ಲರಿಗೂ ಸಾಕಾಗುವಷ್ಟು ಎಂ1911 ಇರಲಿಲ್ಲ. ಆಗ ಕೋಲ್ಟ್ ಮತ್ತು ಸ್ಮಿತ್ ಆಂಡ್ ವೆಸನ್ ಸೇರಿ ಸುಮಾರು 3 ಲಕ್ಷ ರಿವಾಲ್ವರ್ ಮಾಡಿಕೊಟ್ಟವು. ಪಿಸ್ತೂಲಿನ ತೋಟಾವನ್ನೇ ಅರ್ಧಚಂದ್ರಾಕಾರದ ಉಕ್ಕಿನ ಕ್ಲಿಪ್‌ಗೆ ಮೂರು ಮೂರರಂತೆ ಸಿಕ್ಕಿಸಿ ಬಳಸಿದರು. ‘ಹಳೇದು’ ಅಂತ ಬಿಟ್ಟಿದ್ದೇ ಕಷ್ಟಕಾಲಕ್ಕೆ ಒದಗಿತು.

6/6
ಹಾಗಾದ್ರೆ ಗೆದ್ದಿದ್ದು ಯಾರು? ಕೆಸರಿನ ಲೆಕ್ಕದಲ್ಲಿ ನನ್ನ ವೋಟು ಕೋಲ್ಟ್‌ಗೆ. 1985ರಲ್ಲಿ ಬೆರೆಟ್ಟಾ ಎಂ9 ಆಯ್ಕೆಯಾಗೋವರೆಗೂ ಅಮೆರಿಕದ ಸೇನೆಯ ಮುಖ್ಯ ಪಿಸ್ತೂಲು ಅದೇ. ಆದರೆ ಎಂ9ರ ತೋಟಾ ಯಾವುದು? 9 ಎಂಎಂ ಪ್ಯಾರಾಬೆಲಂ, ಅಂದರೆ ಲೂಗರ್‌ಗಾಗಿ ಹುಟ್ಟಿದ ತೋಟಾ! ಲೂಗರ್ ಪಿಸ್ತೂಲಿನ ಬದಲಿಗೆ ಜರ್ಮನಿಯೇ 1938ರಲ್ಲಿ ವಾಲ್ಥರ್ ಪಿ38 ಆರಿಸಿತ್ತು. ತೋಟಾ ಮಾತ್ರ ಅದೇ ಉಳಿಯಿತು.

ನಮ್ಮ ದೇಶದಲ್ಲಂತೂ ಇಬ್ಬರು ಎದುರಾಳಿಗಳೂ ಒಂದಾಗಿದ್ದಾರೆ. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಫ್ಯಾಕ್ಟರಿಯ 9 ಎಂಎಂ 1ಎ ಪಿಸ್ತೂಲಿನ ಮೂಲ, ಬ್ರೌನಿಂಗ್ ಶುರುಮಾಡಿ ಅವರು ತೀರಿಕೊಂಡ ಮೇಲೆ ಬೇರೆಯವರು ಮುಗಿಸಿದ ಹೈ-ಪವರ್. ಯಂತ್ರ ಬ್ರೌನಿಂಗ್‌ದು, ತೋಟಾ ಲೂಗರ್‌ದು.

ಮುಂದಿನ ಸಲ ಯಾರಾದ್ರೂ ‘ಇದೇ ಬೆಸ್ಟ್ ಗನ್’ ಅಂದ್ರೆ ಒಂದೇ ಪ್ರಶ್ನೆ ಕೇಳಿ: ಯಾವ ಕೆಸರಲ್ಲಿ, ಯಾರ ಕೈಯಲ್ಲಿ?

ನಿಮ್ಮ ವೋಟು ಯಾವುದಕ್ಕೆ? ಕಾರಣದ ಸಮೇತ ಕಮೆಂಟ್ ಮಾಡಿ.

#ಇತಿಹಾಸ #ಮೊದಲಮಹಾಯುದ್ಧ #ಕನ್ನಡದಲ್ಲಿಇತಿಹಾಸ